ಹಳೇ ಇಟ್ರೆಕ್ಸ್ 20 ಜಿಪಿಎಸ್: ಜಾಗ ಇದೆ, ಆದರೂ ‘ಮೆಮೊರಿ ತುಂಬಿದೆ’ ಅನ್ನುತ್ತದೆ. ಏನು ಮಾಡಲಿ?

ಸೊರಬದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಈಗಿನ ಕೆಲಸ ಅಂದರೆ ವೀರಗಲ್ಲು, ಮಾಸ್ತಿಗಲ್ಲು, ಶಾಸನದ ತುಂಡು ಎಲ್ಲೆಲ್ಲಿ ಬಿದ್ದಿವೆ ಅಂತ ಗುರುತು ಹಾಕಿಕೊಂಡು ಊರೂರು ತಿರುಗುವುದು. ಸೊರಬ, ಶಿಕಾರಿಪುರ ಈ ಎರಡೇ ತಾಲ್ಲೂಕು. ಅಷ್ಟೇ ಸಾಕು, ಒಂದು ಜನ್ಮಕ್ಕಾಗುವಷ್ಟು ಕಲ್ಲುಗಳಿವೆ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸೊರಬದ ಶಾಸನಗಳು ಬಂದದ್ದು 8ನೇ ಸಂಪುಟದಲ್ಲಿ, 1904ರಲ್ಲಿ. ಅದರಲ್ಲಿ ಕೆರೆ ಏರಿ ಹತ್ತಿರ ಅಂತ ಇರುವ ಕಲ್ಲನ್ನು ಇವತ್ತು ಹುಡುಕಿಕೊಂಡು ಹೋದರೆ ಕೆರೆ ಇರುತ್ತದೆ, ಏರಿಯೂ ಇರುತ್ತದೆ, ಕಲ್ಲು ಮಾತ್ರ ಯಾರದೋ ಗದ್ದೆ ಬದುವಿನಲ್ಲಿ ಮಕಾಡೆ ಮಲಗಿರುತ್ತದೆ. ಅದಕ್ಕೇ ಜಿಪಿಎಸ್ ಇಟ್ಟುಕೊಂಡದ್ದು.

ನನ್ನ ಹತ್ತಿರ ಇರುವುದು ಗಾರ್ಮಿನ್ ಇಟ್ರೆಕ್ಸ್ 20. ಅಳಿಯ ಬಳಸಿ ಬಿಟ್ಟದ್ದು. ಎರಡು ಪೆನ್ಸಿಲ್ ಸೆಲ್ ಹಾಕುವ ಸೆಟ್. ಕಲ್ಲುಗಳಿಗೆ ವೇಪಾಯಿಂಟ್, ಅಂದರೆ ಜಾಗದ ಗುರುತು, ಹಾಕುತ್ತೇನೆ. ಹೆಸರಿಗೆ ರೈಸ್ ಅವರದೇ ಪದ್ಧತಿ: ಸೊರಬದ್ದಾದರೆ ಎಸ್‌ಬಿ, ಶಿಕಾರಿಪುರದ್ದಾದರೆ ಎಸ್‌ಕೆ, ಮುಂದೆ ಶಾಸನದ ನಂಬರ್. ಹೋಗಿ ಬಂದ ದಾರಿಯನ್ನು ಟ್ರ್ಯಾಕ್ ಆಗಿ ಸೇವ್ ಮಾಡುತ್ತೇನೆ, ಪ್ರತಿ ಊರಿಗೂ ಬೇರೆ ಬೇರೆ. ಯಾಕೆಂದರೆ ಅರ್ಧ ಕಲ್ಲುಗಳಿಗೆ ಹೋಗಲು ದಾರಿಯೇ ಇಲ್ಲ. ತೋಟದ ಬೇಲಿ ಎಲ್ಲಿ ದಾಟಿದೆ, ಯಾವ ಹಳ್ಳದ ಸಾರ (ಕಾಲುಸಂಕ) ಹಿಡಿದೆ ಅನ್ನುವುದೇ ಮುಖ್ಯ.

ಈಗ ಸಮಸ್ಯೆ ಕೇಳಿ. ಟ್ರ್ಯಾಕ್ ಸೇವ್ ಮಾಡಲು ಹೋದರೆ ಮೆಮೊರಿ ತುಂಬಿದೆ ಅನ್ನುತ್ತದೆ. ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರೆ ಇನ್ನೂ ಸುಮಾರು 300 ಎಂಬಿ ಖಾಲಿ ತೋರಿಸುತ್ತಿದೆ! ಒಳಗೆ ಪರಿಚಯದ ಹುಡುಗನೊಬ್ಬ ಹಾಕಿಕೊಟ್ಟ ದಕ್ಷಿಣ ಭಾರತದ ಪೂರ್ತಿ ನಕ್ಷೆ ಇದೆ, ಅದರ ಮೇಲೆ ನೆಲದ ಎತ್ತರ ತೋರಿಸುವ ಕಾಂಟೂರ್ ಗೆರೆಗಳ ನಕ್ಷೆ ಬೇರೆ. ನಕ್ಷೆ ಸರಿಸಿದರೆ ಪರದೆ ತುಂಬಲು ಯುಗ ಹಿಡಿಯುತ್ತದೆ. ಜಾಗ ಮಾಡೋಣ ಅಂತ 64 ಜಿಬಿ ಕಾರ್ಡ್ ತಂದು ಹಾಕಿದೆ. ಅದನ್ನು ಈ ಸೆಟ್ ಕಣ್ಣೆತ್ತಿಯೂ ನೋಡುತ್ತಿಲ್ಲ.

ಯಾವುದನ್ನು ಅಳಿಸಬಹುದು, ಯಾವುದನ್ನು ಮುಟ್ಟಬಾರದು? ವೇಪಾಯಿಂಟ್ ಒಂದೂ ಹೋಗಬಾರದು. ಗೊತ್ತಿರುವವರು ದಯವಿಟ್ಟು ಹೇಳಿ.

ಟೆಂಟ್ ರಾಜ:

ಸರ್, ಈ ಕಾಲದಲ್ಲಿ ಅದೆಲ್ಲ ಯಾಕೆ? ಫೋನಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಇಲ್ಲಾ ಓಸ್ಮ್‌ಆಂಡ್ ಹಾಕಿಕೊಳ್ಳಿ. ಕರ್ನಾಟಕದ ನಕ್ಷೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಊರಿನ ಹೆಸರು ಕನ್ನಡದಲ್ಲೇ ಬರುತ್ತದೆ. ಸುಮ್ನೆ ಹಳೇ ಸೆಟ್ ಜತೆ ಯಾಕೆ ಗುದ್ದಾಡುತ್ತೀರಿ?

ಸೊರಬದ ಮೇಷ್ಟ್ರು:

ಫೋನೂ ಇದೆ ಮಾರಾಯರೇ. ಅದಕ್ಕೆ ಬೇರೆ ಕೆಲಸ ಇದೆ. ವೀರಗಲ್ಲಿನ ಅಕ್ಷರ ಫೋಟೋದಲ್ಲಿ ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು. ಅಂದರೆ ಬೆಳಿಗ್ಗೆ ಬೇಗ, ಇಲ್ಲಾ ಸಂಜೆ ಇಳಿಹೊತ್ತು. ಸಂಜೆ ನಾಲ್ಕಕ್ಕೇ ಫೋನ್ ಸತ್ತರೆ ಹೋದದ್ದೇ ದಂಡ. ಈ ಸೆಟ್‌ಗೆ ಆನವಟ್ಟಿಯ ಯಾವ ಗೂಡಂಗಡಿಯಲ್ಲಾದರೂ ಸೆಲ್ ಸಿಗುತ್ತದೆ. ಮಳೆಗೆ ನೆನೆದರೂ ಕ್ಯಾರೇ ಅನ್ನುವುದಿಲ್ಲ. ಬಿಸಿಲು ಜಾಸ್ತಿ ಆದಷ್ಟೂ ಪರದೆ ಚೆನ್ನಾಗಿ ಕಾಣುತ್ತದೆ, ಫೋನಿನದು ಉಲ್ಟಾ. ಇನ್ನೊಂದು ವಿಷಯ. ಫೋನ್ ಹಿಡಿದು ಗದ್ದೆಗೆ ಇಳಿದರೆ ಜನ ‘ಸರ್ವೆಯವರಾ, ರೋಡ್ ಬರ್ತದಾ’ ಅಂತ ಸುತ್ತ ಸೇರುತ್ತಾರೆ. ಈ ಡಬ್ಬಿಯನ್ನು ರೇಡಿಯೋ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಅಘನಾಶಿನಿ ದಂಡೆ:

ಮೇಷ್ಟ್ರೇ ನಮಸ್ಕಾರ, ಶಿರಸಿಯಿಂದ. ಇದೇ ಸೆಟ್ ನನ್ನ ಹತ್ತಿರವೂ ಇದೆ. ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳ ಭರಾಟೆ ಇದ್ದಾಗ ಜನರ ಜಮೀನಿನ ಸುತ್ತ ಇದನ್ನೇ ಹಿಡಿದು ನಡೆದವನು ನಾನು. ಈಗ ಅಡಿಕೆ ತೋಟದ ಅಳತೆಗೆ ಬಳಸುತ್ತೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ಒಂದು ವಿಷಯ. ನಿಮ್ಮ ಸೆಟ್‌ನಲ್ಲಿ ‘ತುಂಬಿದೆ’ ಅನ್ನುವುದಕ್ಕೆ ಎರಡು ಅರ್ಥ ಇದೆ. ಒಂದು, ಒಳಗಿನ 1.7 ಜಿಬಿ ಜಾಗ ತುಂಬುವುದು. ಇನ್ನೊಂದು, ಲೆಕ್ಕ ತುಂಬುವುದು. ಇಟ್ರೆಕ್ಸ್ 20ರಲ್ಲಿ ಸೇವ್ ಮಾಡಿದ ಟ್ರ್ಯಾಕ್ 200ಕ್ಕಿಂತ ಜಾಸ್ತಿ ಇಡಲು ಬಿಡುವುದಿಲ್ಲ. ವೇಪಾಯಿಂಟ್ 2,000. ಒಂದು ಟ್ರ್ಯಾಕಿನಲ್ಲಿ ಬಿಂದುಗಳು 10,000. ನೀವು ಊರಿಗೊಂದು ಟ್ರ್ಯಾಕ್ ಸೇವ್ ಮಾಡುತ್ತೀರಿ ಅಂದಿರಲ್ಲ, ನಿಮ್ಮದು 200ಕ್ಕೆ ಮುಟ್ಟಿದೆ. ಮದುವೆ ಮನೆಯಲ್ಲಿ ಅಡುಗೆ ಬೇಕಾದಷ್ಟಿದೆ, ಬಾಳೆಎಲೆ ಮುಗಿದಿದೆ ಅಂದ ಹಾಗೆ. ನೀವು ನಕ್ಷೆ ಪೂರ್ತಿ ಅಳಿಸಿದರೂ ಆ ಸಂದೇಶ ಹೋಗುವುದಿಲ್ಲ.

ಬೇಕಾದರೆ ಲೆಕ್ಕ ಹಾಕಿ ನೋಡಿ. ಟ್ರ್ಯಾಕ್ ಇರುವುದು ಜಿಪಿಎಕ್ಸ್ ಫೈಲಿನಲ್ಲಿ. ಅದು ಬರೀ ಅಕ್ಷರದ ಫೈಲು, ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ಒಂದು ಬಿಂದುವಿಗೆ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ಎಲ್ಲ ಸೇರಿ ಹೆಚ್ಚುಕಮ್ಮಿ 100 ಅಕ್ಷರ. 10,000 ಬಿಂದುವಿನ ಭರ್ತಿ ಟ್ರ್ಯಾಕ್ ಅಂದರೂ ಒಂದು ಎಂಬಿ ಚಿಲ್ಲರೆ. ಅಂಥವು 200 ಇದ್ದರೂ 200 ಎಂಬಿ ಆಸುಪಾಸು. ನಿಮ್ಮ ಊರಾಟದ ಟ್ರ್ಯಾಕುಗಳು ಅದರ ಕಾಲು ಭಾಗವೂ ಇರಲಿಕ್ಕಿಲ್ಲ. ಜಾಗ ತಿಂದಿರುವುದು ನಕ್ಷೆ, ದಾರಿ ಕಟ್ಟಿರುವುದು ಟ್ರ್ಯಾಕಿನ ಎಣಿಕೆ. ಎರಡಕ್ಕೂ ಬೇರೆ ಬೇರೆ ಮದ್ದು.

ಏನೇ ಮಾಡುವ ಮೊದಲು ಯುಎಸ್‌ಬಿ ಸಿಕ್ಕಿಸಿ, ಸೆಟ್ ಒಂದು ಡ್ರೈವ್ ಆಗಿ ಕಾಣುತ್ತದೆ. ಅದರೊಳಗಿನ ‘ಗಾರ್ಮಿನ್’ ಫೋಲ್ಡರನ್ನು ಇಡಿಯಾಗಿ ಕಂಪ್ಯೂಟರಿಗೆ ಕಾಪಿ ಮಾಡಿ. ಇಡಿಯಾಗಿ, ಆರಿಸಬೇಡಿ. ನಿಧಾನಕ್ಕೆ ಆಗುತ್ತದೆ, ಚಹಾ ಕುಡಿದು ಬನ್ನಿ. ಇನ್ನೊಂದು ಪ್ರತಿ ಪೆನ್‌ಡ್ರೈವಿಗೂ ಇರಲಿ.

ಆಮೇಲೆ ಅದರೊಳಗೆ ‘ಜಿಪಿಎಕ್ಸ್’ ಅನ್ನುವ ಫೋಲ್ಡರ್ ನೋಡಿ. ವೇಪಾಯಿಂಟ್ ಅಂತ ಶುರುವಾಗಿ ತಾರೀಖು ಇರುವ ಫೈಲುಗಳು ನಿಮ್ಮ ಕಲ್ಲುಗಳು. ಅವುಗಳ ತಂಟೆಗೆ ಹೋಗಬೇಡಿ. ಟ್ರ್ಯಾಕ್ ಫೈಲುಗಳು ಪಕ್ಕದಲ್ಲೇ ಇರುತ್ತವೆ. ಹಳೇ ಟ್ರ್ಯಾಕುಗಳನ್ನು ಕಂಪ್ಯೂಟರಿನಲ್ಲಿ ಊರವಾರು ಫೋಲ್ಡರ್ ಮಾಡಿ ಇಟ್ಟುಕೊಂಡು ಸೆಟ್‌ನಿಂದ ತೆಗೆಯಿರಿ. ಇನ್ನೂ ಕಲ್ಲು ಹುಡುಕುವುದು ಬಾಕಿ ಇರುವ ಊರಿನದು ಮಾತ್ರ ಸೆಟ್‌ನಲ್ಲಿ ಇರಲಿ. ಮುಂದೆ ಯಾವಾಗ ಬಳ್ಳಿಗಾವಿ ಕಡೆ ಹೋಗುತ್ತೀರೋ, ಆವತ್ತು ಆ ಊರಿನ ಫೈಲುಗಳನ್ನು ವಾಪಸ್ ಹಾಕಿಕೊಂಡರೆ ಆಯಿತು.

ಸೆಟಪ್‌ನಲ್ಲಿ ಟ್ರ್ಯಾಕ್ಸ್ ಅಂತ ಇದೆ, ಅದರಲ್ಲಿ ಆಟೊ ಆರ್ಕೈವ್. ತುಂಬಿದಾಗ, ದಿನಕ್ಕೊಮ್ಮೆ, ವಾರಕ್ಕೊಮ್ಮೆ ಅಂತ ಮೂರು ಆಯ್ಕೆ. ದಿನಕ್ಕೊಮ್ಮೆ ಇಡಿ. ನೀವು ಸೇವ್ ಒತ್ತದಿದ್ದರೂ ಆ ದಿನದ ದಾರಿ ಆರ್ಕೈವ್ ಫೋಲ್ಡರಿಗೆ ಹೋಗಿ ಕೂರುತ್ತದೆ. ಅದು ಆ 200ರ ಲೆಕ್ಕಕ್ಕೆ ಬರುವುದಿಲ್ಲ. ಪರದೆ ಮೇಲೆ ಗೆರೆಯಾಗಿ ಕಾಣುವುದಿಲ್ಲ ಅನ್ನುವುದೊಂದೇ ಕೊರತೆ.

ಅಲ್ಲೇ ರೆಕಾರ್ಡ್ ಇಂಟರ್ವಲ್ ಕೂಡ ನೋಡಿ. ಯಾರೋ ಸೆಕೆಂಡಿಗೆ ಒಂದು ಬಿಂದು ಅಂತ ಇಟ್ಟಿದ್ದರೆ 10,000 ಬಿಂದು ಮೂರು ತಾಸಿನೊಳಗೇ ಖರ್ಚು. ಹತ್ತು ಸೆಕೆಂಡಿಗೆ ಒಂದು ಇಟ್ಟರೆ 27 ತಾಸು ಬರುತ್ತದೆ. ನಡೆಯುವವರಿಗೆ ಅದು ಧಾರಾಳ ಆಯಿತು. ನಾನು ತೋಟದ ಅಳತೆಗೆ ಮಾತ್ರ ಐದಕ್ಕೆ ಇಳಿಸುತ್ತೇನೆ.

ಇನ್ನು ನಕ್ಷೆ. ಒಳಗಿನ ಮೆಮೊರಿಯಲ್ಲಿ ನಕ್ಷೆ ಇಡಲೇಬೇಡಿ ಅನ್ನುವುದು ನನ್ನ ಪಕ್ಷ. ಒಳಗಿನದು ನಿಮ್ಮ ಕಲ್ಲುಗಳಿಗೆ, ದಾರಿಗಳಿಗೆ. ನಕ್ಷೆ ಕಾರ್ಡಿಗೆ. ಯಾಕೆಂದರೆ ನಕ್ಷೆ ಹಾಳಾದರೆ ಮತ್ತೆ ಇಳಿಸಿಕೊಳ್ಳಬಹುದು. ನೀವು ಬಿದಿರು ಮೆಳೆಯೊಳಗೆ ನುಗ್ಗಿ ಹಾಕಿದ ವೇಪಾಯಿಂಟ್ ಯಾರ ಹತ್ತಿರವೂ ಸಿಗುವುದಿಲ್ಲ. ಸೆಟ್ ಏನಾದರೂ ಆನ್ ಆಗುವಾಗ ಅರ್ಧಕ್ಕೆ ನಿಂತರೂ ಕಾರ್ಡ್ ಕಿತ್ತು ನೋಡಿದರೆ ತೊಂದರೆ ನಕ್ಷೆಯದ್ದಾ ಅಲ್ಲವಾ ಅಂತ ತಕ್ಷಣ ಗೊತ್ತಾಗುತ್ತದೆ.

ನಿಮ್ಮ 64 ಜಿಬಿ ಕಾರ್ಡ್ ಕೆಟ್ಟಿಲ್ಲ. 32ಕ್ಕಿಂತ ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟ್‌ನಲ್ಲಿ ಬರುತ್ತವೆ. ಈ ಸೆಟ್‌ಗೆ ಗೊತ್ತಿರುವುದು ಫ್ಯಾಟ್32. ವಿಂಡೋಸ್‌ನಲ್ಲಿ ಬಲ ಒತ್ತಿ ಫಾರ್ಮ್ಯಾಟ್ ಅಂದರೆ 64ರ ಕಾರ್ಡಿಗೆ ಫ್ಯಾಟ್32 ಆಯ್ಕೆಯನ್ನೇ ತೋರಿಸುವುದಿಲ್ಲ. ಬೇರೆ ಸಾಫ್ಟ್‌ವೇರಿನಿಂದ ಮಾಡಿಸಬಹುದು, ನಡೆಯುವುದೂ ಉಂಟು. ಆದರೆ ನಿಮಗೆ ಅಷ್ಟು ಜಾಗ ಯಾಕೆ? ಆ 64ನ್ನು ಫೋನಿಗೆ ಹಾಕಿ ಫೋಟೋ ತುಂಬಿಸಿ. ಇದಕ್ಕೆ 8 ಜಿಬಿ ಇಲ್ಲಾ 16 ಜಿಬಿಯ ಹಳೇ ಕಾರ್ಡ್ ಮನೆಯಲ್ಲೇ ಯಾವುದಾದರೂ ಡಬ್ಬಿಯಲ್ಲಿ ಸಿಗುತ್ತದೆ. ಸ್ಲಾಟ್ ಸೆಲ್‌ನ ಅಡಿಯಲ್ಲಿದೆ, ಚಿಕ್ಕ ಲೋಹದ ಬಾಗಿಲು ಸರಿಸಿ ಎತ್ತಬೇಕು. ಉಗುರಿನಿಂದ ಮೆಲ್ಲಗೆ.

ಕಾರ್ಡಿನಲ್ಲೂ ‘ಗಾರ್ಮಿನ್’ ಅಂತಲೇ ಒಂದು ಫೋಲ್ಡರ್ ಮಾಡಿ, ನಕ್ಷೆಯ ಐಎಂಜಿ ಫೈಲುಗಳನ್ನು ಅದರೊಳಗೆ ಹಾಕಿ. ಸೆಟ್ ಮೂಲಕ ಹಾಕಬೇಡಿ, ಹೊತ್ತು ಮುಳುಗುತ್ತದೆ. ಕಾರ್ಡ್ ರೀಡರಿನಲ್ಲಿ ಹಾಕಿ.

ದಕ್ಷಿಣ ಭಾರತ ಪೂರ್ತಿ ಬೇಕಾ ಹೇಳಿ. ಕನ್ಯಾಕುಮಾರಿಯಲ್ಲಿ ನೀವು ಕಲ್ಲು ಹುಡುಕುವುದಿಲ್ಲವಲ್ಲ. ಜನರೇ ಸೇರಿ ಮಾಡುವ ಉಚಿತ ನಕ್ಷೆ ಇದೆ, ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಗಾರ್ಮಿನ್ ನಕ್ಷೆ ಮಾಡಿಕೊಡುವ ತಾಣಗಳಲ್ಲಿ ಚೌಕಗಳನ್ನು ಆರಿಸಿಕೊಳ್ಳಬಹುದು. ಶಿವಮೊಗ್ಗ, ಉತ್ತರ ಕನ್ನಡ, ಹಾವೇರಿ ಬರುವ ಚೌಕಗಳು ಸಾಕು. ಈಗಿರುವ ನಕ್ಷೆ ಕಂಪ್ಯೂಟರಿನಲ್ಲಿ ಗಾರ್ಮಿನ್ ಕಂಪನಿಯದೇ ಸಾಫ್ಟ್‌ವೇರ್ ಆದ ಬೇಸ್‌ಕ್ಯಾಂಪ್‌ನಲ್ಲಿದ್ದರೆ ಅದರ ಮ್ಯಾಪ್‌ಇನ್‌ಸ್ಟಾಲ್‌ನಿಂದಲೂ ಬೇಕಾದ ಚೌಕ ಮಾತ್ರ ಕಳಿಸಬಹುದು. ಎಂಕೆಜಿಮ್ಯಾಪ್ ಅಂತ ಒಂದಿದೆ, ನಾವೇ ನಕ್ಷೆ ಕಟ್ಟಿಕೊಳ್ಳುವುದು. ಕಪ್ಪು ಕಿಟಕಿಯಲ್ಲಿ ಆಜ್ಞೆ ಟೈಪ್ ಮಾಡುವ ತಾಳ್ಮೆ ಇದ್ದರೆ ಮಾತ್ರ ಅದಕ್ಕೆ ಕೈ ಹಾಕಿ. ನನಗೆ ಅದರಿಂದ ಆದ ಲಾಭ ಒಂದೇ. ಊರಿನ ಹೆಸರಿಗೆ ಇಂಗ್ಲಿಷ್ ಹೆಸರನ್ನೇ ತೆಗೆದುಕೋ ಅಂತ ಹೇಳಬಹುದು. ಈ ಸೆಟ್‌ಗೆ ಕನ್ನಡ ಅಕ್ಷರ ಬರುವುದಿಲ್ಲ, ಅಲ್ವಾ.

ಪರದೆ ನಿಧಾನ ಆಗಿರುವುದು ಎರಡು ನಕ್ಷೆ ಒಟ್ಟಿಗೆ ಬರೆಯುತ್ತಿರುವುದರಿಂದ. ಸೆಟಪ್, ಮ್ಯಾಪ್, ಸೆಲೆಕ್ಟ್ ಮ್ಯಾಪ್‌ಗೆ ಹೋಗಿ ಕಾಂಟೂರ್ ನಕ್ಷೆಯನ್ನು ಆಫ್ ಮಾಡಿ ನೋಡಿ. ಚಂದ್ರಗುತ್ತಿ ಗುಡ್ಡ ಹತ್ತುವ ದಿನ ಆನ್ ಮಾಡಿಕೊಂಡರೆ ಸಾಕು. ಆನವಟ್ಟಿಯ ಬಯಲಲ್ಲಿ ಕಾಂಟೂರ್ ಇಟ್ಟುಕೊಂಡು ಏನು ನೋಡುತ್ತೀರಿ?

ಮುಟ್ಟಬಾರದ್ದು: ಜಿಮ್ಯಾಪ್‌ಬಿಮ್ಯಾಪ್ ಅನ್ನುವ ಐಎಂಜಿ ಫೈಲ್, ಅದು ಮೂಲ ನಕ್ಷೆ. ಗಾರ್ಮಿನ್‌ಡಿವೈಸ್ ಅನ್ನುವ ಎಕ್ಸ್‌ಎಂಎಲ್ ಫೈಲ್. ಏನಂತ ಗೊತ್ತಾಗದ್ದು ಯಾವುದೇ ಇರಲಿ, ಅದೂ ಹಾಗೇ ಇರಲಿ. ಜಾಗ ಉಳಿಯುವುದು ದೊಡ್ಡ ನಕ್ಷೆ ಫೈಲಿನಿಂದ. ಚಿಲ್ಲರೆ ಫೈಲು ಅಳಿಸಿ ಗಿಟ್ಟುವುದು ಏನೂ ಇಲ್ಲ.

ಕಾಜಾಣ:

ಅಘನಾಶಿನಿಯವರು ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ನಾನು ಮಡಿಕೇರಿ ಕಡೆ ಹಕ್ಕಿ ನೋಡುವವಳು. ನನ್ನದು ಇನ್ನೂ ಹಳೆಯದು, ಇಟ್ರೆಕ್ಸ್ ಸಾಲಿನದೇ ಲೆಜೆಂಡ್ ಎಚ್‌ಸಿಎಕ್ಸ್.

ಮೇಷ್ಟ್ರೇ, ನೀವು ಫೈಲ್ ತೆಗೆಯುವುದು ಮ್ಯಾಕ್ ಕಂಪ್ಯೂಟರಿನಲ್ಲಾದರೆ ಅಳಿಸಿದ ಮೇಲೆ ಟ್ರ್ಯಾಶ್ ಖಾಲಿ ಮಾಡಿ, ಆಮೇಲೆ ಕೇಬಲ್ ತೆಗೆಯಿರಿ. ಇಲ್ಲದಿದ್ದರೆ ಅಳಿಸಿದ್ದೆಲ್ಲ ಸೆಟ್‌ನೊಳಗೇ ಒಂದು ಅಡಗಿದ ಫೋಲ್ಡರಿನಲ್ಲಿ ಕೂತಿರುತ್ತದೆ, ಜಾಗ ಒಂದಿಂಚೂ ಬಿಡುಗಡೆ ಆಗುವುದಿಲ್ಲ. ನನ್ನ ಅಣ್ಣನ ಸೆಟ್‌ನಲ್ಲಿ ಖಾಲಿ ಇಲ್ಲ ಅಂತ ಬರುತ್ತಿತ್ತು, ನೋಡಿದರೆ ಪೂರ್ತಿ ಕಸವೇ.

ನಿಮ್ಮ ಇಟ್ರೆಕ್ಸ್ 20ರಲ್ಲಿ ಐಎಂಜಿ ಫೈಲಿಗೆ ಯಾವ ಹೆಸರು ಇಟ್ಟರೂ ನಡೆಯುತ್ತದೆ, ಅದೇ ಪುಣ್ಯ. ‘ಸೊರಬ’, ‘ಕಾಂಟೂರ್’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಚೊಕ್ಕವಾಗಿ ಇಟ್ಟುಕೊಳ್ಳಿ. ನನ್ನದರಲ್ಲಿ ಜಿಮ್ಯಾಪ್‌ಸಪ್ ಅನ್ನುವ ಒಂದೇ ಹೆಸರು, ಒಂದೇ ಫೈಲು. ನಾನು ಕೊಡಗಿನದು, ವಯನಾಡಿನದು ಎರಡನ್ನೂ ಕಾರ್ಡಿನಲ್ಲಿ ಇಟ್ಟುಕೊಂಡು, ಹೋಗುವ ಹಿಂದಿನ ರಾತ್ರಿ ಬೇಕಾದ್ದಕ್ಕೆ ಆ ಹೆಸರು ಕೊಡುತ್ತೇನೆ.

ಟ್ರ್ಯಾಕಿನ ವಿಷಯದಲ್ಲಿ ನೀವೇ ಅದೃಷ್ಟವಂತರು. ನನ್ನದರಲ್ಲಿ ಒಳಗೆ ಸೇವ್ ಆಗುವುದು 20 ಟ್ರ್ಯಾಕ್. ಅದೂ ಒಂದೊಂದನ್ನು 500 ಬಿಂದುವಿಗೆ ಸವರಿ, ಸಮಯವನ್ನೂ ಕಿತ್ತು ಹಾಕಿ ಇಡುತ್ತದೆ. ಯಾವ ಹಕ್ಕಿ ಎಷ್ಟು ಗಂಟೆಗೆ ಕಂಡಿತು ಅಂತ ಆಮೇಲೆ ಕೂಡಿಸಲು ಬರುವುದೇ ಇಲ್ಲ. ಅದಕ್ಕೇ ಈ ಕಾಲದ ಸೆಟ್ ಇರುವವರು ಒಳಗೆ ಸೇವ್ ಮಾಡುವ ಗೋಜಿಗೇ ಹೋಗದೆ, ಕಾರ್ಡಿಗೆ ನೇರ ಬರೆಯುವ ಆಯ್ಕೆ ಆನ್ ಮಾಡಿಕೊಳ್ಳಬೇಕು. ದಿನಕ್ಕೊಂದು ಪೂರ್ತಿ ಫೈಲು ಬರುತ್ತದೆ.

ಹಳೇ ಸೆಟ್‌ನ ತಾರೀಖೂ ಒಮ್ಮೆ ನೋಡಿಕೊಳ್ಳಿ. ಜಿಪಿಎಸ್ ಉಪಗ್ರಹಗಳು ವಾರವನ್ನು 1,024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತವೆ. ಕೊನೆಯ ಸಲ ಹಾಗಾದದ್ದು 2019ರ ಏಪ್ರಿಲ್ 6ರ ರಾತ್ರಿ. ಫರ್ಮ್‌ವೇರ್ (ಸೆಟ್‌ನ ಒಳಗಿನ ಸಾಫ್ಟ್‌ವೇರ್) ಹಳತಾದ ಕೆಲವು ಸೆಟ್‌ಗಳು ಆಮೇಲೆ ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸತೊಡಗಿದವು. ಜಾಗ ಸರಿಯಾಗೇ ತೋರಿಸುತ್ತವೆ, ತಾರೀಖು ಮಾತ್ರ ತಪ್ಪು. ತಾರೀಖು ನೋಡಿ ಹಳೇ ಫೈಲ್ ಅಳಿಸುವವರು ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಸೊರಬದ ಮೇಷ್ಟ್ರು:

ಇಬ್ಬರಿಗೂ ಬಹಳ ಉಪಕಾರವಾಯಿತು. ಅಘನಾಶಿನಿಯವರು ಹೇಳಿದ ಹಾಗೆಯೇ ಇದೆ, ಟ್ರ್ಯಾಕ್ ಸರಿಯಾಗಿ 200 ಇತ್ತು. ತಾಳಗುಂದ, ಬಂದಳಿಕೆ ಕಡೆಯದ್ದೆಲ್ಲ ಕಂಪ್ಯೂಟರಿಗೆ ಸಾಗಿಸಿದೆ. ಈಗ ಸೇವ್ ಆಗುತ್ತಿದೆ. ಕಾಂಟೂರ್ ಆಫ್ ಮಾಡಿದ ಮೇಲೆ ಪರದೆಯೂ ಚುರುಕಾಗಿದೆ. ಕಾರ್ಡಿಗೆ ಮೊಮ್ಮಗಳ ಹಳೇ ಫೋನಿನಿಂದ 8 ಜಿಬಿಯದು ಸಿಕ್ಕಿತು. ನಕ್ಷೆ ಚಿಕ್ಕದು ಮಾಡುವುದು ಇನ್ನೂ ಬಾಕಿ.

ಇನ್ನೊಂದು ಆಸೆ ಇದೆ. ಸರ್ವೆ ಆಫ್ ಇಂಡಿಯಾದ ಟೋಪೋಶೀಟುಗಳಲ್ಲಿ, ಅಂದರೆ ಕಾಗದದ ವಿವರ ನಕ್ಷೆಗಳಲ್ಲಿ, ಹಳೇ ಕೆರೆ, ಕಾಲುದಾರಿ, ಬೇಚಿರಾಕ್ (ಜನ ಬಿಟ್ಟುಹೋದ) ಊರು ಎಲ್ಲ ಚೆನ್ನಾಗಿ ಕಾಣುತ್ತವೆ. ಕಲ್ಲು ಸಿಗುವುದೇ ಬೇಚಿರಾಕ್ ಊರಿನಲ್ಲಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅವು ಎಲ್ಲಿ ಬರಬೇಕು? ಆ ಹಾಳೆಗಳನ್ನೇ ಸ್ಕ್ಯಾನ್ ಮಾಡಿ ಈ ಸೆಟ್‌ಗೆ ಹಾಕಲು ಬರುತ್ತದಾ? ಎಷ್ಟು ಜಾಗ ತಿನ್ನುತ್ತದೆ?

ಅಘನಾಶಿನಿ ದಂಡೆ:

ಬರುತ್ತದೆ ಮೇಷ್ಟ್ರೇ. ಕಸ್ಟಮ್ ಮ್ಯಾಪ್ಸ್ ಅನ್ನುತ್ತಾರೆ. ಇಲ್ಲೂ ಜಿಬಿಗಿಂತ ಎಣಿಕೆಯೇ ತಕರಾರು. ಚಿತ್ರವನ್ನು 1,024 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ತುಂಡುಗಳಾಗಿ ಕತ್ತರಿಸಬೇಕು. ಅದಕ್ಕಿಂತ ದೊಡ್ಡದು ಕೊಟ್ಟರೆ ಸೆಟ್ ಅದನ್ನು ಕುಗ್ಗಿಸಿ ಮಸುಕು ಮಾಡುತ್ತದೆ. ಇಟ್ರೆಕ್ಸ್ 20 ಒಟ್ಟು 100 ತುಂಡು ಮಾತ್ರ ತೆಗೆದುಕೊಳ್ಳುತ್ತದೆ.

ಈಗ ಲೆಕ್ಕ. 1:50,000ದ ಒಂದು ಹಾಳೆ ಅಂದರೆ 15 ಮಿನಿಟ್ ಅಕ್ಷಾಂಶ, 15 ಮಿನಿಟ್ ರೇಖಾಂಶ. ಕಾಗದದ ಮೇಲೆ ಸುಮಾರು 55 ಸೆಂಟಿಮೀಟರ್ ಎತ್ತರ, ಅಗಲ ಅದಕ್ಕಿಂತ ಸ್ವಲ್ಪ ಕಮ್ಮಿ. 200 ಡಿಪಿಐಗೆ (ಇಂಚಿಗೆ 200 ಚುಕ್ಕೆ) ಸ್ಕ್ಯಾನ್ ಮಾಡಿದರೆ ಒಂದು ಬದಿಗೆ 4,300 ಪಿಕ್ಸೆಲ್ ಆಸುಪಾಸು. ಅಂದರೆ ಐದು ಸಾಲು, ಐದು ಕಂಬ, 25 ತುಂಡು. ನಾಲ್ಕು ಹಾಳೆಗೆ 100 ಮುಗಿಯಿತು. 150ಕ್ಕೆ ಇಳಿಸಿದರೆ ಹಾಳೆಗೆ 16 ತುಂಡು, ಆರು ಹಾಳೆ ಹಿಡಿಯುತ್ತದೆ. ಸಣ್ಣ ಅಕ್ಷರ ಓದಲು 200ಏ ಒಳ್ಳೆಯದು. ಸೊರಬ ಪೇಟೆ ಬರುವುದು 48 ಎನ್/3ರಲ್ಲಿ, ಆನವಟ್ಟಿ ಅದರ ಮೇಲಿನ 48 ಎನ್/2ರಲ್ಲಿ, ಶಿಕಾರಿಪುರ 48 ಎನ್/7ರಲ್ಲಿ. ಈ ಮೂರು ಹಾಕಿ ಇನ್ನೊಂದಕ್ಕೆ ಜಾಗ ಉಳಿಯುತ್ತದೆ. ಅಂಚಿನ ಬಿಳಿ ಭಾಗ, ಕೆಳಗಿನ ಚಿಹ್ನೆಗಳ ಪಟ್ಟಿ ಕತ್ತರಿಸಿ ಬಿಸಾಡಿ, ತುಂಡು ದಂಡ ಮಾಡಬೇಡಿ.

ಗೂಗಲ್ ಅರ್ಥ್‌ನಲ್ಲಿ ಚಿತ್ರವನ್ನು ನೆಲದ ಮೇಲೆ ಕೂರಿಸಿ ಕೆಎಂಜಡ್ ಫೈಲ್ ಆಗಿ ಉಳಿಸಬೇಕು. ಕೂರಿಸುವಾಗ ಹಾಳೆಯ ಮೂಲೆಯಲ್ಲಿ ಬರೆದ ಅಕ್ಷಾಂಶ ರೇಖಾಂಶ ನಂಬಿಕೊಂಡು ಹೋಗಬೇಡಿ. ಅಕ್ಷಾಂಶ ರೇಖಾಂಶ ಅಳೆಯುವ ಆಧಾರಕ್ಕೆ ಡೇಟಮ್ ಅನ್ನುತ್ತಾರೆ. ಹಳೇ ಹಾಳೆಗಳು ಎವರೆಸ್ಟ್ ಡೇಟಮ್‌ನಲ್ಲಿವೆ, ಜಿಪಿಎಸ್ ಲೆಕ್ಕ ಡಬ್ಲ್ಯುಜಿಎಸ್84. ಹಾಗೇ ಕೂರಿಸಿದರೆ ಕಲ್ಲು ಪಕ್ಕದ ಗದ್ದೆಗೆ ಹೋಗುತ್ತದೆ. ಕೆರೆ ಕೋಡಿ, ದೇವಸ್ಥಾನ, ಹಳೇ ರಸ್ತೆ ಕೂಡುವ ಜಾಗ ಹಿಡಿದು ಎಳೆದು ಕೂರಿಸಿ. ಕುಬಟೂರಿನ ಕೈಟಭೇಶ್ವರ ದೇವಸ್ಥಾನ ಇದೆಯಲ್ಲ, ಅಂಥವು ಉಪಗ್ರಹ ಚಿತ್ರದಲ್ಲೂ ಕಾಣುತ್ತವೆ, ಹಾಳೆಯಲ್ಲೂ ಇರುತ್ತವೆ. ಕೆರೆಯ ನೀರಿನ ಅಂಚು ಮಾತ್ರ ಹಿಡಿಯಬೇಡಿ, ಅದು ವರ್ಷಕ್ಕೊಂದು ಥರ ಇರುತ್ತದೆ. ಹೊಸ ಓಪನ್ ಸೀರೀಸ್ ಹಾಳೆಗಳಾದರೆ ಡಬ್ಲ್ಯುಜಿಎಸ್84ರಲ್ಲೇ ಇವೆ, ಈ ತಲೆನೋವು ಇಲ್ಲ. ಬೇಚಿರಾಕ್ ಊರು ಹಳೇ ಹಾಳೆಯಲ್ಲೇ ಚೆನ್ನಾಗಿ ಸಿಗುವುದಾದರೆ ಅದನ್ನೇ ಮಾಡಿ.

ತುಂಡೊಂದು 3 ಎಂಬಿ ಮೀರದ ಹಾಗೆ ಜೆಪಿಜಿ ಗುಣಮಟ್ಟ ಇಳಿಸಿ. ಅಷ್ಟಾದರೂ 100 ತುಂಡಿಗೆ 300 ಎಂಬಿ ದಾಟುವುದಿಲ್ಲ, ನಿಮ್ಮ 8 ಜಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಕಾರ್ಡಿನ ಗಾರ್ಮಿನ್ ಫೋಲ್ಡರಿನೊಳಗೆ ಕಸ್ಟಮ್‌ಮ್ಯಾಪ್ಸ್ ಅಂತ ಇನ್ನೊಂದು ಫೋಲ್ಡರ್ ಮಾಡಿ ಅದರಲ್ಲಿಡಿ. ಚಿತ್ರದ ನಕ್ಷೆ ಸರಿಸುವಾಗ ಸೆಟ್ ಮತ್ತೆ ಏದುಸಿರು ಬಿಡುತ್ತದೆ, ಅದಕ್ಕೇನೂ ಮಾಡಲಾಗದು. ಬೇಡದಾಗ ಸೆಲೆಕ್ಟ್ ಮ್ಯಾಪ್‌ನಲ್ಲಿ ಆಫ್ ಮಾಡಿ. ಮೊದಲು 48 ಎನ್/3 ಒಂದನ್ನೇ ಮಾಡಿ, ಮನೆ ಹತ್ತಿರದ ಗೊತ್ತಿರುವ ಕಲ್ಲಿನ ಪಕ್ಕ ನಿಂತು ಬಾಣದ ಗುರುತು ಎಲ್ಲಿ ಬೀಳುತ್ತದೆ ನೋಡಿ. ಸರಿ ಕೂತಿದ್ದರೆ ಉಳಿದವಕ್ಕೆ ಕೈ ಹಾಕಿ.